ಇಟ್ಟ ಬಿಲ್ಲೆ ಯಾರದು?



ಕಳೆದ ರಜೆಯಲ್ಲಿ ದಾಬಸ್‌ಪೇಟೆಯ ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಶಿವಗಂಗೆ ಬೆಟ್ಟ ಹತ್ತಿ ಬಂದ ಮಕ್ಕಳಿಬ್ಬರು, ತಮ್ಮನ ಮಗಳು ಮತ್ತು ತಂಗಿಯ ಮಗ, ನನ್ನೊಡನೆ ‘ಕಾರ್ಕಸೋನ್’ ಆಡಲು ಕುಳಿತಿದ್ದರು. ಇದು ಜರ್ಮನಿಯಲ್ಲಿ 2000ದಲ್ಲಿ ಹೊರಬಂದ ಆಟ. ಫ್ರಾನ್ಸಿನ ಒಂದು ಕೋಟೆಯೂರಿನ ಹೆಸರನ್ನೇ ಇದಕ್ಕೆ ಇಡಲಾಗಿದೆ. 72 ಚೌಕ ಬಿಲ್ಲೆಗಳು. ಅವುಗಳ ಮೇಲೆ ಕೋಟೆ, ರಸ್ತೆ, ಹೊಲಗಳ ತುಂಡುಚಿತ್ರಗಳು. ಸರದಿ ಬಂದಾಗ ಒಂದು ಬಿಲ್ಲೆ ತೆಗೆದು, ಅಂಚು ಹೊಂದುವಂತೆ ಜೋಡಿಸಬೇಕು. ಬೇಕೆನಿಸಿದರೆ ಆ ಬಿಲ್ಲೆಯ ಮೇಲೆ ನಮ್ಮ ಮರದ ಆಳೊಂದನ್ನು ನಿಲ್ಲಿಸಬಹುದು.

ಹುಡುಗಿ ನಾಲ್ಕು ಬಿಲ್ಲೆಗಳಿಂದ ಕೋಟೆ ಕಟ್ಟುತ್ತಿದ್ದಳು. ಹುಡುಗ ಪಕ್ಕದಲ್ಲೇ ಬೇರೊಂದು ಕೋಟೆ ಆರಂಭಿಸಿ ಆಳನ್ನು ನಿಲ್ಲಿಸಿದ. ಮುಂದಿನ ಸರದಿಯಲ್ಲಿ ನಡುವೆ ಒಂದು ಬಿಲ್ಲೆ ಇಟ್ಟು ಎರಡನ್ನೂ ಒಂದು ಮಾಡಿಬಿಟ್ಟ! “ಇದು ಕಳ್ಳತನ” ಎಂದು ಅವಳು ಎದ್ದು ಹೋದಳು.

ಕಳ್ಳತನವೇ? ಲೆಕ್ಕ ಹಾಕೋಣ. ಪೂರ್ಣಗೊಂಡ ಕೋಟೆಗೆ ಬಿಲ್ಲೆಗೆ 2ರಂತೆ ಅಂಕ. ಆರು ಬಿಲ್ಲೆಗಳಾದರೆ 12. ಇಬ್ಬರ ಆಳುಗಳೂ ಸಮವಾಗಿದ್ದರೆ 6-6 ಎಂದು ಹಂಚುವುದಿಲ್ಲ, ಇಬ್ಬರಿಗೂ 12! ಅವಳ ಅಂಕ ಹೋಗಲಿಲ್ಲ, ಮುನ್ನಡೆ ಮಾತ್ರ ಹೋಯಿತು. ಆದರೆ ಯಾರಾದರೂ ಅದೇ ಉಪಾಯದಿಂದ ಎರಡನೆಯ ಆಳನ್ನು ಒಳಗೆ ತಂದರೆ, ಹೆಚ್ಚು ಆಳುಗಳಿದ್ದವರಿಗೆ ಪೂರ್ತಿ 12, ಇನ್ನೊಬ್ಬರಿಗೆ ಸೊನ್ನೆ.

ನಮಗೆ ಇದು ವಿಚಿತ್ರವೆನಿಸಲು ಕಾರಣವಿದೆ. ನಾವು ಚೌಕಾಬಾರ ಆಡಿ ಬೆಳೆದವರು. ಅಲ್ಲಿ ಎದುರಾಳಿ ಇರುವ ಮನೆಗೆ ಹೋದರೆ ಅವನ ಕಾಯಿ ಹೊಡೆಯುತ್ತೇವೆ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ನಿಯಮವನ್ನೂ ಹಲವರು ಪಾಲಿಸುತ್ತಾರೆ. ಇಲ್ಲಿಯೋ, ಒಳಗೆ ಬಂದವನು ಪಾಲುದಾರ!

ವಿಚಿತ್ರ ನಿಯಮವನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಶಾಲೆಯ ದಾರಿಯೇ ಸರಿ. ಅದೊಂದನ್ನೇ ಬದಲಿಸಿ, ಏನಾಗುತ್ತದೆಂದು ನೋಡಿ. ಆಳಿರುವ ಕೋಟೆಗೆ ಬಿಲ್ಲೆ ಜೋಡಿಸಿ ಅದರ ಮೇಲೆ ನೇರವಾಗಿ ನಮ್ಮ ಆಳನ್ನು ನಿಲ್ಲಿಸಬಹುದು ಎನ್ನೋಣ. ಆಗ ಕೊನೆಗೆ ಬಂದವನು ಒಂದೇ ಬಿಲ್ಲೆಯಿಂದ ಪಾಲು ಪಡೆಯುತ್ತಾನೆ. ದೊಡ್ಡ ಕೋಟೆ ಕಟ್ಟುವ ಧೈರ್ಯ ಯಾರಿಗೂ ಬರದು. ಸೇರಿಕೆಯನ್ನೇ ನಿಷೇಧಿಸಿದರೆ? ಎಲ್ಲರೂ ತಮ್ಮ ತಮ್ಮ ಕೋಟೆ ಕಟ್ಟಿಕೊಳ್ಳುತ್ತಾರೆ. ಪಕ್ಕದವನತ್ತ ತಲೆಯೆತ್ತಿ ನೋಡುವ ಅಗತ್ಯವೇ ಇರದು. ಈಗಿನ ನಿಯಮ ನಡುದಾರಿ. ಒಳಗೆ ಬರಬಹುದು, ಆದರೆ ಒಂದು ಆಳನ್ನು ಪಣಕ್ಕಿಡಬೇಕು. ನಡುವೆ ಹೊಂದುವ ಬಿಲ್ಲೆ ಬಾರದಿದ್ದರೆ ಆ ಆಳು ತನ್ನ ಅರೆಕೋಟೆಯಲ್ಲೇ ಸಿಕ್ಕಿಕೊಂಡಿರುತ್ತಾನೆ.

ಹಾಗಾದರೆ ಜಗಳದಲ್ಲಿ ತಪ್ಪು ಯಾರದು? ನನ್ನದು. ಸೇರಿಕೆಯ ನಿಯಮವನ್ನು ನಾನು ಮೊದಲೇ ಹೇಳಿರಲಿಲ್ಲ. ಹುಡುಗ ಅದನ್ನು ಪುಸ್ತಿಕೆಯಲ್ಲಿ ಓದಿಕೊಂಡಿದ್ದ. ಒಬ್ಬರಿಗೆ ಮಾತ್ರ ತಿಳಿದಿರುವ ನಿಯಮ, ಎಷ್ಟೇ ಒಳ್ಳೆಯದಿರಲಿ, ಇನ್ನೊಬ್ಬರಿಗೆ ಮೋಸವೇ. ಹುಡುಗಿಯ ಕೋಪ ನ್ಯಾಯವಾಗಿತ್ತು. ಅವಳ ಬಳಿ ತಪ್ಪೊಪ್ಪಿಕೊಂಡೆ. ಮರುದಿನ ಎಲ್ಲ ನಿಯಮಗಳನ್ನೂ ಗಟ್ಟಿಯಾಗಿ ಓದಿದ ಮೇಲೆಯೇ ಮೊದಲ ಬಿಲ್ಲೆ ಇಟ್ಟೆವು. ಆ ದಿನ ಅಣ್ಣನ ಕೋಟೆಗೆ ಸೇರಿಕೊಂಡವಳು ಅವಳೇ.

ನೀವೂ ಚೌಕಾಬಾರವಾಗಲಿ, ಬಿಲ್ಲೆಯಾಟವಾಗಲಿ, ಕುಳಿತ ಕೂಡಲೇ ಕೇಳಿ: ಎದುರಾಳಿಯದನ್ನು ನಾನು ಮುಟ್ಟಬಹುದೇ? ಮುಟ್ಟಿದರೆ ಅವನು ಏನು ಕಳೆದುಕೊಳ್ಳುತ್ತಾನೆ? ನಾನು ಏನನ್ನು ಪಣಕ್ಕಿಡುತ್ತೇನೆ? ಉತ್ತರ ಎಲ್ಲರಿಗೂ ತಿಳಿದ ಮೇಲೆ ಆಟ ಆರಂಭಿಸಿ.