ತೊಟ್ಟಿಲು ಹೋದರೂ ನಕ್ಷೆ ಉಳಿಯಲಿ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಾಲ, ಗೊಬ್ಬರ, ಷೇರಿನ ವಿಚಾರ ಆಗಲೇ ಮಾತಾಡಿದವರು ಹೇಳಿದ್ದಾರೆ. ನಾವು ತೊಟ್ಟಿಲಿನ ವಿಚಾರ ಎರಡು ಮಾತು ಹೇಳುತ್ತೇವೆ. ಸಂಘಕ್ಕೂ ತೊಟ್ಟಿಲಿಗೂ ಏನು ಸಂಬಂಧ ಅಂತ ನಗಬೇಡಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ಅದಕ್ಕೂ ಮುಂಚಿನಿಂದ ನಮ್ಮ ಹಳ್ಳಿಗಳಲ್ಲಿ ಒಂದು ಮನೆಯ ತೊಟ್ಟಿಲು ಹತ್ತು ಮನೆ ಮಕ್ಕಳನ್ನು ತೂಗುತ್ತಿತ್ತು. ಬಡ್ಡಿ ಇಲ್ಲ, ಜಾಮೀನು ಇಲ್ಲ. ಅದೂ ಸಹಕಾರವೇ.

ತೊಟ್ಟಿಲಿಗೆ ಧಾರವಾಡ ಜಿಲ್ಲೆಯ ಕಲಘಟಗಿ ಹೆಸರುವಾಸಿ. ಸಾಗವಾನಿ ಮರ, ಅರಗಿನ ಬಣ್ಣ, ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ನೆಂಟರ ಮನೆ ಅಟ್ಟಗಳಲ್ಲೂ ಊರ ಆಚಾರ್ರು ಮಾಡಿದ ಗಿಳಿ-ಬಳ್ಳಿಯ ತೊಟ್ಟಿಲು ನೋಡಿದ್ದೇವೆ.

ನಮ್ಮನೆಯಲ್ಲೂ ಒಂದಿತ್ತು. ಮಗಳ ಬಾಣಂತನಕ್ಕೆ ಅಂತ ಇಳಿಸಿದರೆ ಒಂದು ಕಡೆ ಗೆದ್ದಲು ಹತ್ತಿ ಮುಟ್ಟಿದರೆ ಪುಡಿ. ಬೇಸರದಲ್ಲಿ ಉಳಿದದ್ದನ್ನೂ ನೀರೊಲೆಗೆ ಹಾಕಿಬಿಟ್ಟೆವು. ಆಮೇಲೆ ಅಂಥದ್ದೇ ಬೇಕು ಅಂತ ಆಚಾರ್ರ ಹತ್ರ ಹೋದ್ವಿ. “ಮಾಡೋಣ ಗೌಡ್ರೇ, ಅಳತೆ ಕೊಡಿ. ಕಂಬ ಎಷ್ಟು ಗೇಣು? ಕೊಂಡಿ ಎಲ್ಲಿತ್ತು? ಗಿಳಿ ಯಾವ ಕಡೆ ಮುಖ ಮಾಡಿತ್ತು?” ಅಂದ್ರು. ಅದರಲ್ಲೇ ಮಲಗಿ ಬೆಳೆದ ನಾವು ಒಂದಕ್ಕೂ ಉತ್ತರ ಗೊತ್ತಿಲ್ಲದೆ ನಿಂತೆವು. ಅಂದಾಜಿನ ಮೇಲೆ ಮಾಡಿಸಿದ್ದು ತೂಗಿದರೆ ಒಂದು ಕಡೆ ವಾಲುತ್ತಿತ್ತು. ನಮ್ಮವ್ವ ನೋಡಿ, “ಇದು ನಮ್ಮದಲ್ಲ ಬಿಡಪ್ಪ” ಅಂದರು.

ನಕ್ಷೆ ಬರೆಯುವುದು ದೊಡ್ಡ ಇಂಜಿನಿಯರ್ ಕೆಲಸವಲ್ಲ. ಚೌಕುಳಿ ಹಾಳೆ, ಟೇಪು, ಪೆನ್ಸಿಲ್ಲು ಸಾಕು. ಒಂದು ಅಂಗುಲಕ್ಕೆ ಒಂದು ಚೌಕ ಅಂತ ಹಿಡಿದು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಒಂದೊಂದು ಚಿತ್ರ ಬರೆಯಬೇಕು. ಕಂಬದ ಉಬ್ಬು-ತಗ್ಗು, ಕೊಂಡಿಯ ಜಾಗ, ಮರಕ್ಕೆ ಮರ ಸಿಕ್ಕಿಸಿದ ಕಡೆ, ಇವನ್ನು ಬೇರೆಯಾಗಿ ದೊಡ್ಡದು ಮಾಡಿ ಬರೆಯಬೇಕು. ಗಿಳಿ, ಬಳ್ಳಿಗೆ ತೆಳ್ಳನೆ ಬಟರ್ ಪೇಪರ್ ಇಟ್ಟು ಗೆರೆ ತೆಗೆದು, ಬಣ್ಣದ ಹೆಸರು ಅಲ್ಲೇ ಬರೆದರಾಯಿತು. ಮೊಬೈಲ್ ಫೋಟೋದಲ್ಲಿ ಅಂದ ಸಿಗುತ್ತೆ, ಅಳತೆ ಸಿಗಲ್ಲ.

ಹಳೇ ತೊಟ್ಟಿಲು ಮಾರುವವರನ್ನು ನಾವು ದೂರುವುದಿಲ್ಲ. ಕಷ್ಟಕಾಲ ಯಾರಿಗಿಲ್ಲ? ಆದರೆ ಮಾರುವ ಮುಂಚೆ, ಒಲೆಗೆ ಹಾಕುವ ಮುಂಚೆ, ಒಂದು ದಿನ ಅಳತೆಗೆ ಕೊಡಿ. ಹೈಸ್ಕೂಲ್ ಮಕ್ಕಳು ಬರೆಯಲಿ, ಆಚಾರ್ರು ತಿದ್ದಲಿ. ಸಾಲದ ಕಾಗದ ಜೋಪಾನ ಮಾಡುವ ನಮ್ಮ ಸಂಘದ ಬೀರುವಿನಲ್ಲಿ ಆ ನಕ್ಷೆಗಳಿಗೂ ಒಂದು ಮೂಲೆ ಇರಲಿ ಅಂತ ಸಭೆಯನ್ನು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.