ಫ್ರಿಜ್ ದುರಸ್ತಿ ಮಾಡಿಸೋಣವೇ, ಹೊಸದು ತರೋಣವೇ?

(ಅಡುಗೆ ಉದ್ಯೋಗ ಮಾಡುವ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಹುಬ್ಬಳ್ಳಿಯಲ್ಲಿ ಆಡಿದ ಮಾತು)



ನಮ್ಮಲ್ಲಿ ಖಾನಾವಳಿ ನಡೆಸುವವರಿದ್ದೀರಿ, ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವವರಿದ್ದೀರಿ, ಮದುವೆ ಮನೆಗಳಿಗೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಮಾಡಿಕೊಡುವವರಿದ್ದೀರಿ. 2024ರಲ್ಲಿ ರಾಜ್ಯ ಸರ್ಕಾರ ಸಂಘದ ಮಹಿಳೆಯರೇ ನಡೆಸುವ ‘ಅಕ್ಕ ಕೆಫೆ’ ಆರಂಭಿಸಿತು. ಅಂದರೆ ಈ ಉದ್ಯೋಗ ಇನ್ನು ಸಣ್ಣದಲ್ಲ. ಒಲೆ, ಪಾತ್ರೆ, ಗ್ರೈಂಡರ್ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಫ್ರಿಜ್, ಡೀಪ್ ಫ್ರೀಜರ್ ಕೆಟ್ಟಾಗ ಮಾತ್ರ ಬೇರೆಯವರ ಬಾಯಿ ನೋಡುತ್ತೇವೆ. ಒಬ್ಬರು, “ಇನ್ನೊಂದು ವರ್ಷ ನಡೀತೈತಿ ಬಿಡ್ರಿ” ಅಂತಾರೆ. ಇನ್ನೊಬ್ಬರು, “ಇದನ್ನ ಗುಜರಿಗೆ ಹಾಕ್ರಿ, ಹೊಸಾದು ತಗೊಳ್ರಿ” ಅಂತಾರೆ. ಯಾರ ಮಾತು ಕೇಳೋದು? ಮೊದಲು ನಮ್ಮ ಸ್ವಂತ ಲೆಕ್ಕವನ್ನು ಕೇಳೋಣ.

ಒಂದು ಡೀಪ್ ಫ್ರೀಜರ್ ಎಂದರೆ ಹತ್ತು-ಹದಿನೈದು ಹೆಣ್ಣುಮಕ್ಕಳು ವಾರವಾರ ಕೂಡಿಟ್ಟ ರೊಕ್ಕ. ಏಪ್ರಿಲ್ ತಿಂಗಳ ಬಿಸಿಲಲ್ಲಿ, ಮದುವೆ ಆರ್ಡರ್ ಇದ್ದಾಗ ಅದು ನಿಂತರೆ ಪದಾರ್ಥವೂ ಹೋಯಿತು, ಹೆಸರೂ ಹೋಯಿತು. ಆ ಗಡಿಬಿಡಿಯಲ್ಲಿ ಸಿಕ್ಕ ಬಡ್ಡಿಗೆ ಸಾಲ ಮಾಡುತ್ತೇವೆ. ಇನ್ನು ಕೆಟ್ಟ ಆಹಾರ ತಿಂದು ಒಬ್ಬ ಗಿರಾಕಿ ಆಸ್ಪತ್ರೆ ಸೇರಿದರೆ ಸಂಘದ ಬಾಗಿಲೇ ಮುಚ್ಚಬಹುದು.

ಮೊದಲ ಪರೀಕ್ಷೆ: ತಂಪು

ಫ್ರಿಜ್ ಸದ್ದು ಮಾಡುತ್ತಿದೆ, ಒಳಗೆ ದೀಪ ಉರಿಯುತ್ತಿದೆ ಎಂದರೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಒಂದು ಸಣ್ಣ ಥರ್ಮಾಮೀಟರ್ ತನ್ನಿ. ರಾತ್ರಿ ಒಂದು ಲೋಟ ನೀರಿನಲ್ಲಿ ಅದನ್ನು ಅದ್ದಿ ನಡುವಿನ ತಟ್ಟೆಯಲ್ಲಿಡಿ. ಮುಂಜಾನೆ ಬಾಗಿಲು ತೆಗೆದ ಕೂಡಲೇ ನೋಡಿ. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಡೀಪ್ ಫ್ರೀಜರ್ ಆದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಮೊಸರು, ಖೋವಾ, ಕತ್ತರಿಸಿದ ತರಕಾರಿ, ಮಾಂಸ ವಾಸನೆ ಬರುವ ಮುಂಚೆಯೇ ಅಪಾಯಕಾರಿ ಆಗಬಹುದು. ಮೂಗನ್ನು ನಂಬಬೇಡಿ, ಥರ್ಮಾಮೀಟರ್ ನಂಬಿ.

ಎರಡನೆಯದು: ದೋಷ ಯಂತ್ರದ್ದೋ, ಬಳಕೆಯದೋ?

ತಂಪು ಸಾಲದು ಎಂದ ಕೂಡಲೇ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ. ಮೊದಲು ಇಷ್ಟು ನೋಡಿ:

1. ಬಾಗಿಲ ಸಂದಿಯಲ್ಲಿ ಒಂದು ನೋಟು ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲಾಗಿದೆ. ರಬ್ಬರ್ ಬದಲಿಸಿದರೆ ಸಾಕು, ಫ್ರಿಜ್ ಬದಲಿಸಬೇಕಿಲ್ಲ.

2. ಹಿಂದೆ ಅಥವಾ ಕೆಳಗೆ ಇರುವ ಜಾಲಿಯನ್ನು ನೋಡಿ. ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟು ಹಾರುತ್ತದೆ, ಮಿರ್ಚಿ ಕರಿದ ಎಣ್ಣೆಯ ಹೊಗೆ ಏಳುತ್ತದೆ. ಎರಡೂ ಸೇರಿ ಜಾಲಿಯ ಮೇಲೆ ಅಂಟಿನಂತೆ ಕೂಡುತ್ತವೆ. ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಪ್ಲಗ್ ತೆಗೆದು ತಿಂಗಳಿಗೊಮ್ಮೆ ಒರೆಸಿ. ಗೋಡೆಯಿಂದ ಒಂದು ಗೇಣು ದೂರ ಇಡಿ, ಒಲೆಯ ಪಕ್ಕ ಬೇಡವೇ ಬೇಡ.

3. ಬಿಸಿ ಸಾಂಬಾರಿನ ಪಾತ್ರೆಯನ್ನು ಹಾಗೇ ಒಳಗಿಡಬೇಡಿ. ಅಗಲ ತಟ್ಟೆಗಳಿಗೆ ಹಾಕಿ, ಬೇಗ ಆರಿಸಿ, ಆಮೇಲೆ ಇಡಿ.

4. ಮಂಜುಗಡ್ಡೆ ದಪ್ಪ ಕಟ್ಟಿದರೆ ಆಫ್ ಮಾಡಿ ಕರಗಿಸಿ. ಚಾಕುವಿನಿಂದ ಕೆತ್ತಬೇಡಿ, ಗ್ಯಾಸಿನ ಕೊಳವೆ ತೂತಾಗುತ್ತದೆ.

ಮೂರನೆಯದು: ಬದಲಿಸುವ ಗುರುತುಗಳು

ಇಷ್ಟೆಲ್ಲ ಮಾಡಿದ ಮೇಲೂ ತಂಪು ನಿಲ್ಲದಿದ್ದರೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದರೆ, ಒಳಗಿನ ತಗಡು ತುಕ್ಕು ಹಿಡಿದಿದ್ದರೆ ಯೋಚಿಸುವ ಕಾಲ ಬಂತು.

ಮುಖ್ಯವಾದ ಇನ್ನೊಂದು ಗುರುತಿದೆ. ಫ್ರಿಜ್ಜಿನ ಗ್ಯಾಸ್ ನಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಖರ್ಚಾಗುವುದಿಲ್ಲ, ಒಳಗೇ ಸುತ್ತುತ್ತಿರುತ್ತದೆ. “ಗ್ಯಾಸ್ ಮುಗದೈತ್ರಿ” ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ವರ್ಷವರ್ಷ ಗ್ಯಾಸ್ ತುಂಬಿಸುವುದು ತೂತು ಕೊಡದಲ್ಲಿ ನೀರು ತುಂಬಿದಂತೆ. ಹೊಸ ಫ್ರಿಜ್‌ಗಳಲ್ಲಿ ಬೆಂಕಿ ಹತ್ತುವ ಗ್ಯಾಸ್ ಇರುವುದೂ ಉಂಟು. ಅದಕ್ಕೆ ತರಬೇತಿ ಪಡೆದವರ ಕೈಯಿಂದಲೇ ಕೆಲಸ ಮಾಡಿಸಿ.

ನಾಲ್ಕನೆಯದು: ರೊಕ್ಕದ ಲೆಕ್ಕ

ರಾತ್ರಿ ಬೇರೆಲ್ಲ ಸ್ವಿಚ್ ಆಫ್ ಮಾಡಿ ಮೀಟರ್ ಬರೆದಿಡಿ, ಮುಂಜಾನೆ ಮತ್ತೆ ಬರೆಯಿರಿ. ಫ್ರಿಜ್ ಒಂದೇ ಎಷ್ಟು ತಿನ್ನುತ್ತದೆ ಎಂದು ತಿಳಿಯುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಮನೆಯ ಮೀಟರಿಗೆ ಮಾತ್ರ. ಖಾನಾವಳಿಯ ಒಂದೊಂದು ಯೂನಿಟ್‌ಗೂ ನಾವೇ ತೆರಬೇಕು.

ಒಂದು ಉದಾಹರಣೆ ಹಿಡಿಯೋಣ. ಹಳೆಯದು ದಿನಕ್ಕೆ 7 ಯೂನಿಟ್, ಹೊಸದು 4 ಯೂನಿಟ್. ದಿನಕ್ಕೆ 3ರಂತೆ ತಿಂಗಳಿಗೆ 90 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 8 ರೂಪಾಯಿ ಎಂದರೆ ತಿಂಗಳಿಗೆ 720, ವರ್ಷಕ್ಕೆ 8,640 ರೂಪಾಯಿ. ದುರಸ್ತಿಗೆ 12,000, ಹೊಸದಕ್ಕೆ 30,000 ಎಂದಿಟ್ಟುಕೊಳ್ಳಿ. ದುರಸ್ತಿಯೇ ಸಸ್ತಾ ಅನಿಸುತ್ತದೆ. ಆದರೆ ದುರಸ್ತಿಯಾದ ಮೇಲೂ ಅದು ಅಷ್ಟೇ ಕರೆಂಟ್ ತಿಂದರೆ ಎರಡು ವರ್ಷಕ್ಕೆ 12,000 ಮತ್ತು 17,280 ಸೇರಿ 29,280 ಆಯಿತು. ರೊಕ್ಕವೂ ಹೋಯಿತು, ಹಳೆಯದೇ ಉಳಿಯಿತು! ನಿಮ್ಮ ಹೆಸ್ಕಾಂ ಬಿಲ್ಲಿನ ದರ ಹಾಕಿ ನಿಮ್ಮ ಲೆಕ್ಕ ನೀವೇ ಮಾಡಿ.

ದುರಸ್ತಿಯ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ, ಯಂತ್ರವೂ ಹತ್ತು ವರ್ಷದ ಹತ್ತಿರ ಬಂದಿದ್ದರೆ, ಬದಲಿಸುವುದು ಜಾಣತನ. ಮೂರು ವರ್ಷದ ಫ್ರಿಜ್‌ಗೆ ಬರೀ ರಬ್ಬರ್ ಹೋಗಿದ್ದರೆ ದುರಸ್ತಿಯೇ ಸರಿ.

ಐದನೆಯದು: ಕೊಳ್ಳುವಾಗ, ಕೊಡುವಾಗ

ಫ್ರಿಜ್ ತಂದ ತಿಂಗಳಿನಿಂದಲೇ ಅದರ ಹೆಸರಿನಲ್ಲಿ ತಿಂಗಳಿಗೆ 500 ರೂಪಾಯಿ ಬೇರೆ ಇಡಿ. ಐದು ವರ್ಷಕ್ಕೆ 30,000 ಆಗುತ್ತದೆ. ಕೆಟ್ಟ ದಿನ ಬಂದಾಗ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಕೊಳ್ಳುವ ಮುಂಚೆ ಮೂರು ಅಂಗಡಿಯ ಕೊಟೇಶನ್ ತರಿಸಿ, ಸಭೆಯಲ್ಲಿ ಓದಿ, ಠರಾವು ಬರೆದು ಸಹಿ ಮಾಡಿ. ಅಧ್ಯಕ್ಷೆ ಒಬ್ಬರ ಮೇಲೆ ಭಾರ ಹಾಕಬೇಡಿ. ನಕ್ಷತ್ರದ ಲೇಬಲ್ ಇದ್ದರೆ ಬರೀ ನಕ್ಷತ್ರ ಎಣಿಸಬೇಡಿ, ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿ. ಮನೆ ಬಳಕೆಯ ಫ್ರಿಜ್ ದಿನಕ್ಕೆ ನೂರು ಸಲ ಬಾಗಿಲು ತೆರೆಯುವ ಕೆಲಸಕ್ಕೆ ಮಾಡಿದ್ದಲ್ಲ. ಖಾನಾವಳಿಗೆ ತಂದರೆ ಗ್ಯಾರಂಟಿ ನಡೆಯುತ್ತದೆಯೇ ಎಂದು ಕಾಗದದಲ್ಲಿ ನೋಡಿಕೊಳ್ಳಿ.

ಹಳೆಯದನ್ನು ಬಯಲಲ್ಲಿ ಎಸೆಯಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಫ್ರಿಜ್ ಕೂಡ ಸೇರಿದೆ. ನೋಂದಾಯಿತ ಇ-ತ್ಯಾಜ್ಯದವರಿಗೆ ಒಪ್ಪಿಸಿ, ಇಲ್ಲವೇ ಎಕ್ಸ್‌ಚೇಂಜ್‌ನಲ್ಲಿ ಅಂಗಡಿಗೆ ಕೊಡಿ. ಒಯ್ಯುವವರೆಗೆ ಅದರ ಬಾಗಿಲು ಕಳಚಿಡಿ. ಆಟವಾಡುತ್ತ ಒಳಗೆ ಹೊಕ್ಕ ಮಗು ಉಸಿರುಗಟ್ಟಬಹುದು.

ಅಕ್ಕ-ತಂಗಿಯರೇ, ಮುಂದಿನ ಸಭೆಗೆ ಬರುವಾಗ ಒಂದು 40 ಹಾಳೆಯ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ನಿಮ್ಮ ಫ್ರಿಜ್ ಕೊಂಡ ದಿನಾಂಕ, ಬೆಲೆ, ಇದುವರೆಗಿನ ದುರಸ್ತಿ ಖರ್ಚು ಬರೆದಿರಲಿ. ಎರಡನೆಯ ಪುಟದಲ್ಲಿ ಏಳು ದಿನದ ಮುಂಜಾನೆಯ ತಾಪಮಾನ ಇರಲಿ. ಓದು-ಬರಹ ಬಾರದವರಿಗೆ ಮಕ್ಕಳು ಬರೆದುಕೊಡಲಿ. ಆ ಎರಡು ಪುಟ ಮುಂದಿಟ್ಟುಕೊಂಡು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಎಲ್ಲರೂ ಕೂಡಿಯೇ ತೀರ್ಮಾನಿಸೋಣ.