ಗೋದಲಿಯ ಹುಲ್ಲು ಮತ್ತು ಹಬ್ಬದ ಮನೆಯ ಕಸ



ಕೊಡಗಿಗೆ ಕ್ರಿಸ್‌ಮಸ್ ಹೊಸ ಹಬ್ಬವೇನೂ ಅಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಇತಿಹಾಸ 1792ರಿಂದ ಆರಂಭವಾಗುತ್ತದೆ. ಗೋದಲಿ ಕಟ್ಟುವುದು, ನಕ್ಷತ್ರ ತೂಗುಹಾಕುವುದು, ನೆರೆಮನೆಗೆ ಕುಸ್ವಾರ್ ಕಳಿಸುವುದು ಇಲ್ಲಿನ ಬದುಕಿನಲ್ಲಿ ಬೆರೆತುಹೋಗಿವೆ. ಹುಲ್ಲು, ಬಿದಿರು, ಕಾಗದ, ಬಾಳೆಲೆಗಳಿಂದ ನಡೆಯುತ್ತಿದ್ದ ಹಬ್ಬದ ಕಸ ಮುಂದಿನ ಮಳೆಗಾಲದೊಳಗೆ ಮಣ್ಣಾಗುತ್ತಿತ್ತು. ಇಂದು ಅದೇ ಅಂಗಳದಲ್ಲಿ ಮಿನುಗು ಕಾಗದ, ಕೇಕಿನ ಡಬ್ಬ, ಕೆಟ್ಟ ದೀಪದ ಸರ, ಬ್ಯಾಟರಿ, ಬಾಟಲಿಗಳು ರಾಶಿ ಬೀಳುತ್ತವೆ. ಡಿಸೆಂಬರ್ ಕೊನೆಯ ವಾರದಲ್ಲಿ ಅತಿಥಿಗಳಿಂದ ತುಂಬುವ ಹೋಮ್‌ಸ್ಟೇ ಮನೆಗಳಲ್ಲಿ ಈ ರಾಶಿ ಇನ್ನೂ ದೊಡ್ಡದು.

ಗುಡ್ಡಗಾಡಿನ ಒಂಟಿ ಮನೆಗಳಿಗೆ ಕಸದ ವಾಹನ ದಿನವೂ ಬರುವುದಿಲ್ಲ. ಆದ್ದರಿಂದ ಅನೇಕರು ತೋಟದ ಅಂಚಿನಲ್ಲಿ ಬೆಂಕಿ ಹಚ್ಚುತ್ತಾರೆ, ಇಲ್ಲವೇ ಇಳಿಜಾರಿಗೆ ಸುರಿದುಬಿಡುತ್ತಾರೆ. ಪಿವಿಸಿಯಂಥ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕನ್ನು ತೆರೆದ ಬೆಂಕಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಅವು ಹುಲ್ಲಿನ ಮೇಲೆ ಕುಳಿತು, ಮೇಯುವ ಹಸುವಿನ ಕೊಬ್ಬಿನಲ್ಲಿ ಸಂಗ್ರಹವಾಗಿ, ಹಾಲಿನ ಮೂಲಕ ಮಕ್ಕಳಿಗೆ ತಲುಪುತ್ತವೆ. ಇಳಿಜಾರಿಗೆ ಸುರಿದದ್ದು ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ತೋಡು ಸೇರುತ್ತದೆ, ತೋಡಿನಿಂದ ಕಾವೇರಿಗೆ. ಕುಶಾಲನಗರದಿಂದ ಬೆಂಗಳೂರಿನವರೆಗೆ ಕುಡಿಯುವುದು ಆ ನದಿಯ ನೀರನ್ನೇ.

ಕಸದ ವಿಂಗಡಣೆ ಮನೆಯಲ್ಲಿಯೇ ಆಗಬೇಕೆಂದು ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ಹಾಗೂ ಸಿಹಿತಿಂಡಿಯ ಡಬ್ಬಕ್ಕೆ ಸುತ್ತುವ ತೆಳು ಹಾಳೆಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿತು. ಆದರೂ ವಿಂಗಡಣೆಯ ಪ್ರಯೋಜನ ಕೈಗೆ ಸಿಗುವುದು ಹಬ್ಬದ ಮರುದಿನ ಬೆಳಿಗ್ಗೆ ಮನೆಯವರು ಏನು ಮಾಡುತ್ತಾರೆ ಎಂಬುದರಿಂದ. ಸಾರು ಚೆಲ್ಲಿದ ರಟ್ಟನ್ನು ಗುಜರಿಯವರು ಕೊಳ್ಳುವುದಿಲ್ಲ. ಎಂಜಲಿನೊಳಗೆ ಸೇರಿದ ಗಾಜಿನ ಚೂರು, ಅದನ್ನು ಬರಿಗೈಯಲ್ಲಿ ಬೇರ್ಪಡಿಸುವ ಪಂಚಾಯಿತಿಯ ಮಹಿಳೆಯ ಬೆರಳನ್ನು ಕೊಯ್ಯುತ್ತದೆ. ಹಸಿಯನ್ನು ಒಣದರಿಂದ ದೂರವಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಸಿ ಕಸದ ವಿಚಾರದಲ್ಲಿ ಕಾಫಿ ನಾಡಿನ ಮನೆಗಳು ಭಾಗ್ಯಶಾಲಿಗಳು. ಗೊಬ್ಬರದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡಲು ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಪ್ರಮಾಣದಲ್ಲಿರಬೇಕು. ಉಳಿದ ಅನ್ನ, ಮಾಂಸ, ತರಕಾರಿಯಲ್ಲಿ ಸಾರಜನಕ ಹೆಚ್ಚು. ಅದನ್ನೇ ರಾಶಿ ಹಾಕಿದರೆ ಕೊಳೆತು ನಾರುತ್ತದೆ. ಬತ್ತದ ಹುಲ್ಲಿನಲ್ಲಿ ಇಂಗಾಲ ಬಹಳ. ಅದೊಂದೇ ಇದ್ದರೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಎರಡನ್ನೂ ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಡಿಸೆಂಬರ್ 26ರಂದು ಮೂರು ಅಡಿಯ ಗುಂಡಿಗೆ ತರಗೆಲೆಯ ದಪ್ಪ ಹಾಸು ಹಾಕಬೇಕು. ಒಂದು ಬುಟ್ಟಿ ಉಳಿಕೆ ಆಹಾರಕ್ಕೆ ಎರಡು ಮೂರು ಬುಟ್ಟಿ ತರಗೆಲೆ, ಮೇಲೆ ಒಂದಿಷ್ಟು ಮಣ್ಣು. ಅದು ಅರೇಬಿಕಾ ಕೊಯ್ಲಿನ ಕಾಲವಾದ್ದರಿಂದ ಕಾಫಿ ಹಣ್ಣಿನ ಸಿಪ್ಪೆಯೂ ದೊರೆಯುತ್ತದೆ. ಅದು ಹಸಿಯಾದುದರಿಂದ ಸೇರಿಸಿದಷ್ಟೂ ಒಣ ಎಲೆಯನ್ನು ಹೆಚ್ಚಿಸಬೇಕು. ಮಾಂಸದ ತುಣುಕುಗಳನ್ನು ರಾಶಿಯ ನಡುವೆ ಆಳದಲ್ಲಿ ಹುದುಗಿಸದಿದ್ದರೆ ನಾಯಿ, ಕಾಡುಹಂದಿಗಳು ಕೆದರುತ್ತವೆ. ರಾಶಿಯ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ. ವಾರಕ್ಕೊಮ್ಮೆ ಮಗುಚುವುದು, ಒಣಗಿದರೆ ನೀರು ಚಿಮುಕಿಸುವುದು, ಇಷ್ಟೇ ಆರೈಕೆ.

ಒಣ ಕಸಕ್ಕೆ ಗೋಣಿಚೀಲಗಳು ಸಾಕು. ಉಡುಗೊರೆಯ ಕಾಗದವನ್ನು ಮುಷ್ಟಿಯಲ್ಲಿ ಮುದುಡಿ ಬಿಟ್ಟರೆ ಅದು ಮುದುಡಿಯೇ ಉಳಿದರೆ ಸಾಮಾನ್ಯವಾಗಿ ಬರೀ ಕಾಗದ; ಪುಟಿದು ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರವಿದೆ ಎಂದು ತಿಳಿಯಬೇಕು. ಮಿನುಗುಪುಡಿ ಅಂಟಿದ ಕಾಗದ ಮರುಬಳಕೆಗೂ ಗೊಬ್ಬರಕ್ಕೂ ಸಲ್ಲದು. ಕೇಕಿನ ಡಬ್ಬದ ಜಿಡ್ಡಿಲ್ಲದ ಮುಚ್ಚಳವನ್ನು ಹರಿದು ರಟ್ಟಿನೊಂದಿಗೆ ಇಡಬಹುದು. ಬಾಟಲಿಗಳನ್ನು ಒಡೆಯದೆ ತೊಳೆದಿಡಬೇಕು. ಕೆಟ್ಟ ದೀಪದ ಸರ, ಬ್ಯಾಟರಿಗಳನ್ನು ಪ್ರತ್ಯೇಕ ಡಬ್ಬದಲ್ಲಿ ಕೂಡಿಟ್ಟು ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು. ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವಿರುವ ಮನೆಯವರು ಅದನ್ನು ಜೋಪಾನವಾಗಿ ಕಟ್ಟಿಟ್ಟು ಹಲವು ವರ್ಷ ಬಳಸುವುದೇ ಸರಿ. ಗಾಳಿಮರದ ಕೊಂಬೆ ತಂದವರು ಅದನ್ನು ಕತ್ತರಿಸಿ ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಸಬಹುದು.

ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿಯನ್ನು ಬಿಚ್ಚುತ್ತಾರೆ. ಅದರ ಪಾವಸೆಯನ್ನು ಮತ್ತೆ ನೆರಳಿನ ತೇವದ ಜಾಗಕ್ಕೆ ಸೇರಿಸಬೇಕು. ಅದು ಬಹಳ ನಿಧಾನವಾಗಿ ಬೆಳೆಯುವಂಥದು. ಹುಲ್ಲನ್ನು ಕತ್ತರಿಸಿ, ಹನ್ನೊಂದು ದಿನಗಳಿಂದ ಬಿಸಿಯಾಗಿರುವ ಆ ಗುಂಡಿಗೆ ಪದರ ಪದರವಾಗಿ ಹಾಕಿ ಮಗುಚಬೇಕು. ಮೇ ತಿಂಗಳ ಹೊತ್ತಿಗೆ ರಾಶಿ ಕಪ್ಪಾಗಿ, ಪುಡಿಯಾಗಿ, ಮಣ್ಣಿನ ವಾಸನೆ ಬರುವಂತಾಗಿರುತ್ತದೆ. ಮುಂಗಾರಿನ ಮೊದಲ ಹನಿಗಳೊಂದಿಗೆ ಅದು ಕಾಳುಮೆಣಸಿನ ಬಳ್ಳಿಯ ಬುಡ ಸೇರಲಿ. ಬಾಲಯೇಸುವಿಗೆ ಹಾಸಿದ ಹುಲ್ಲಿಗೆ ಅದಕ್ಕಿಂತ ಗೌರವದ ಜಾಗ ಬೇರೆ ದೊರೆಯಲಾರದು.